ಮಾಯಾ ಜನ ಎಲ್ಲೂ ಮಾಯವಾಗಿಲ್ಲ, ಮಾರಾಯ್ರೇ

ನಮಸ್ಕಾರ. ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಮೂಲನಿವಾಸಿಗಳಾದ ಮಾಯಾ ಜನರ ಬಗ್ಗೆ ನೀವು ಕಳಿಸಿದ ‘ಮಾಯವಾದ ಮಾಯಾ’ ಲೇಖನ ಓದಿದೆ. ಶ್ರಮ ಪಟ್ಟಿದ್ದೀರಿ, ಭಾಷೆಯೂ ಚೆನ್ನಾಗಿದೆ. ಪಾಲೆಂಕೆ ನಗರದ ಮಾಯಾ ರಾಜ ಪಕಾಲ್‌ನ ಸಮಾಧಿಯ ಭಾಗವನ್ನು ಎರಡು ಸಲ ಓದಿದೆ. ಆದರೆ ಇದನ್ನು ಹೀಗೇ ಪ್ರಕಟಿಸಲು ಆಗುವುದಿಲ್ಲ.

ನನ್ನ ತಕರಾರು ಶೀರ್ಷಿಕೆಯಿಂದಲೇ ಶುರು. ಅವರ ಹೆಸರಿಗೂ ನಮ್ಮ ‘ಮಾಯ’ಕ್ಕೂ ನಂಟಿಲ್ಲ. ಕಿವಿಗೆ ಒಂದೇ ಥರ ಕೇಳುತ್ತದೆ, ಅಷ್ಟೇ. ಆ ಪದದಾಟ ಸಿಕ್ಕ ಖುಷಿಯಲ್ಲಿ ಇಡೀ ಚರಿತ್ರೆಯನ್ನೇ ಅದಕ್ಕೆ ಹೊಂದಿಸಿಬಿಟ್ಟಿದ್ದೀರಿ.

ಎರಡನೇ ಪುಟ ನೋಡಿ. ‘ಒಂದು ರಾತ್ರಿ ಅವರು ನಗರಗಳನ್ನು ಬಿಟ್ಟು ಕಾಣೆಯಾದರು.’ ಯಾವ ರಾತ್ರಿ? ಅವರ ನಗರಗಳನ್ನೇ ನೋಡಿ: ಕೋಪಾನ್‌ನಲ್ಲಿ ಕಲ್ಲಿನ ಮೇಲೆ ಕೊನೆಯ ತಾರೀಖು ಕೆತ್ತಿದ್ದು ಕ್ರಿ.ಶ. 822ರಲ್ಲಿ, ತಿಕಾಲ್‌ನಲ್ಲಿ 869ರಲ್ಲಿ, ಟೋನಿನಾದಲ್ಲಿ 909ರಲ್ಲಿ. ಯುದ್ಧ, ಬರ, ರಾಜರ ಮೇಲೆ ಹೋದ ನಂಬಿಕೆ ಎಲ್ಲ ಸೇರಿ ಆ ನಗರಗಳು ಖಾಲಿಯಾಗಲು ನೂರು ವರ್ಷ ಹಿಡಿದಿದೆ. ಅದೇ ಕಾಲಕ್ಕೆ ಉತ್ತರದಲ್ಲಿ ಚಿಚೆನ್ ಇಟ್ಜಾ ಎಂಬ ಇನ್ನೊಂದು ಮಾಯಾ ನಗರ ಬೆಳೆಯುತ್ತಿತ್ತು.

ಮುಂದಿನ ಪುಟ. ‘ಅಳಿದುಳಿದವರನ್ನು ಸ್ಪೇನಿನವರು ಬಂದ ಕೂಡಲೇ ಮುಗಿಸಿದರು.’ ಸ್ಪೇನಿನ ದಂಡನಾಯಕ ಅಲ್ವರಾಡೋ ಗ್ವಾಟೆಮಾಲಾದ ಬೆಟ್ಟನಾಡಿಗೆ ನುಗ್ಗಿದ್ದು 1524ರಲ್ಲಿ. ಕೊನೆಯ ಸ್ವತಂತ್ರ ಮಾಯಾ ರಾಜ್ಯದ ರಾಜಧಾನಿ ನೋಹ್‌ಪೆಟೆನ್ ಬಿದ್ದದ್ದು 1697ರಲ್ಲಿ. ನಿಮ್ಮ ‘ಕೂಡಲೇ’ಗೆ 173 ವರ್ಷ ಬೇಕಾಯಿತು!

ಕೊನೆಯ ಸಾಲು ಓದಿ ಮಾತ್ರ ನನಗೆ ಸಿಟ್ಟೇ ಬಂತು. ‘ಇಂದು ಉಳಿದಿರುವುದು ಮೂಕ ಕಲ್ಲುಗಳು.’ ಗ್ವಾಟೆಮಾಲಾದ ಅಂತರ್ಯುದ್ಧ 1960ರಿಂದ 1996ರವರೆಗೆ ನಡೆಯಿತು. ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಜಾಸ್ತಿ ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಅಲ್ಲಿ ‘ಕಾಣೆಯಾದವರು’ ಅಂದರೆ ಹಿಡಿದು ಎಳೆದೊಯ್ದವರು, ಹೆಣವೂ ಸಿಗದವರು. ಆ ಪದವನ್ನು ನೀವು ಸುಮ್ನೆ ಚಂದಕ್ಕೆ ಬಳಸಿದ್ದೀರಿ.

ನಾನೂ ಇದನ್ನೇ ಮಾಡಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಣೆಕಟ್ಟಿನಲ್ಲಿ ಮುಳುಗಿದ ಒಂದು ಹಳ್ಳಿಯ ಬಗ್ಗೆ ಬರೆದಿದ್ದೆ. ಗುಡಿಯ ಗೋಪುರ, ನೀರು, ಮೌನ ಎಲ್ಲ ಇತ್ತು. ನಮ್ಮ ಹಿರಿಯ ಉಪಸಂಪಾದಕರು ಓದಿ, ‘ಊರವರು ಎಲ್ಲಿ ಹೋದ್ರಯ್ಯಾ?’ ಅಂದರು. ನನಗೆ ಗೊತ್ತಿರಲಿಲ್ಲ. ಜೇಬಿನಿಂದ ಬಸ್ ಚಾರ್ಜ್ ತೆಗೆದುಕೊಟ್ಟು ಕಳಿಸಿದರು. ಊರವರು ಪಕ್ಕದ ತಾಲ್ಲೂಕಿನಲ್ಲೇ ಇದ್ದರು. ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದರು. ಒಬ್ಬ ಅಜ್ಜಿ ನನಗೆ ಮಜ್ಜಿಗೆ ಕೊಟ್ಟು, ‘ಗುಡಿ ನೋಡೋಕೆ ಎಲ್ರೂ ಬರ್ತಾರಪ್ಪ’ ಅಂದರು.

ಮಾಯಾ ಪಂಚಾಂಗದ ಹೆಸರಲ್ಲಿ ಹಬ್ಬಿದ್ದ 2012ರ ಪ್ರಳಯದ ಪ್ಯಾರಾ ಪೂರ್ತಿ ತೆಗೆದುಬಿಡಿ. ಆರನೇ ಪುಟದಲ್ಲಿ ಗ್ವಾಟೆಮಾಲಾದ ಚಿಚಿಕಾಸ್ತೆನಾಂಗೋ ಊರಿನ ಸಂತೆ ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ಅದು ಗುರುವಾರ, ಭಾನುವಾರದ ಸಂತೆ. ಅಲ್ಲಿ ವ್ಯಾಪಾರಕ್ಕೆ ಕೂತವರು ಈಗಲೂ ಕಿಚೆ ಎಂಬ ಮಾಯಾ ಭಾಷೆ ಮಾತಾಡುತ್ತಾರೆ. ಅಲ್ಲಿಂದ ಶುರು ಮಾಡಿ ಕಳಿಸಿ, ಆಯ್ತಾ? ಶೀರ್ಷಿಕೆ ಆಮೇಲೆ ನೋಡೋಣ.