ಕಿಡ್ನಿಗೆ ಬಿ.ಪಿ. ಮಾತ್ರೆ ಯಾಕೆ?

ಡೊಂಬಿವಲಿಯ ಒಬ್ಬ ಸಹೋದರಿ ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

"ನಮ್ಮ ಮಾವನಿಗೆ 64 ವರ್ಷ. ಘಾಟ್ಕೋಪರದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ನಿಂತುಕೊಂಡೇ ದುಡಿದವರು. ಈಗೀಗ ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಕಾಲಿನ ಮೇಲೆ ಹಾಗೇ ಉಳಿಯುತ್ತದೆ. ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಗೆ ಹಾಕಬೇಕಾದ ಕಸ) 2.1 ಬಂತು. ಕಿಡ್ನಿ ಸೋತಿದೆ ಅಂದರು ಡಾಕ್ಟರು. ಆದರೆ ಕೊಟ್ಟದ್ದು ಬಿ.ಪಿ. ಮಾತ್ರೆ. ಹಿಮೋಗ್ಲೋಬಿನ್ ಕಡಿಮೆ ಇದೆ, ಅದೂ ಕಿಡ್ನಿಯಿಂದಲೇ ಅಂದರು. ಎರಡು ವಾರ ಮಾತ್ರೆ ತಗೊಂಡು ಮತ್ತೆ ನೋಡಿದರೆ ಕ್ರಿಯಾಟಿನಿನ್ 2.3. ಬಿ.ಪಿ. ಮಾತ್ರೆ ತಿಂದೇ ಕಿಡ್ನಿ ಹಾಳಾಗುವುದು ಎಂದು ಪಕ್ಕದ ಮನೆಯವರು ಹೇಳಿದರು. ಮಾವ ಮಾತ್ರೆ ಬಿಟ್ಟಿದ್ದಾರೆ. ಶಾಲೆಯಲ್ಲಿ ಹೃದಯ ಒಂದು ಪಾಠ, ಮೂತ್ರಪಿಂಡ ಇನ್ನೊಂದು ಪಾಠ ಅಂತ ಓದಿದ್ದೆ. ಇವಕ್ಕೆಲ್ಲ ಒಂದಕ್ಕೊಂದು ಏನು ಸಂಬಂಧ?"

ತಂಗೀ, ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿದ್ದೆ. ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅದಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು, ಬಿಟ್ಟದ್ದನ್ನು ಅವರಿಂದ ಮುಚ್ಚಿಡಲೂ ಬಾರದು ಎಂದು ಹೇಳಿದೆ. ಮಾವ ಮರುದಿನವೇ ಹೋಗಿ ತೋರಿಸಿ ಬಂದರು ಎಂದು ಕೇಳಿ ಸಮಾಧಾನ ಆಯಿತು. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದಕ್ಕೆ ಆಗಲಿಲ್ಲ. ಮುಂಬಯಿಯ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆಗೆ ಹೋದವನು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಪಾಠ. ವಿಜ್ಞಾನದ ಮೇಷ್ಟ್ರು ಗೋಡೆಯ ಮೊಳೆಗೆ ದಿನಕ್ಕೊಂದು ಚಾರ್ಟ್ ತೂಗು ಹಾಕುತ್ತಿದ್ದರು. ಬಟ್ಟೆಗೆ ಅಂಟಿಸಿದ ಹಳೇ ಚಾರ್ಟುಗಳು, ಮಡಿಕೆ ಬಿದ್ದಲ್ಲಿ ಬಣ್ಣ ಹೋಗಿತ್ತು. ಹೃದಯದ ಚಾರ್ಟಿನಲ್ಲಿ ಕೆಂಪು ಗೆರೆ, ನೀಲಿ ಗೆರೆ ಹೊರಟು ಕಾಗದದ ಅಂಚಿಗೆ ಬಂದು ನಿಂತುಬಿಡುತ್ತಿದ್ದವು. ಈ ಪೈಪು ಮುಂದೆ ಎಲ್ಲಿಗೆ ಹೋಗುತ್ತೆ ಸಾರ್ ಎಂದು ಒಬ್ಬ ಹುಡುಗ ಕೇಳಿದ. ಮೇಷ್ಟ್ರು ಮೂತ್ರಪಿಂಡದ ಚಾರ್ಟ್ ಬಿಚ್ಚಿ, ಕೈಯಲ್ಲೇ ಕೆಳಗೆ ಹಿಡಿದು, ಕೆಂಪು ಗೆರೆಗೆ ಕೆಂಪು ಗೆರೆ ಕೂಡಿಸಿ ತೋರಿಸಿದರು. ನೀವು ಕೇಳಿದ ಸಂಬಂಧ ಆ ಗೆರೆಯಲ್ಲೇ ಇದೆ.

ಆ ಗೆರೆ ಅಂದರೆ ರಕ್ತ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ಇರುತ್ತದೆ. ಸುಮ್ನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ತಳ್ಳುತ್ತದೆ. ಅಂದರೆ ಇಡೀ ರಕ್ತ ನಿಮಿಷಕ್ಕೊಮ್ಮೆ ಒಂದು ಸುತ್ತು. ಹಿಂದೆ ಯುರೋಪಿನ ವೈದ್ಯರು ಹೀಗೆ ತಿಳಿದಿರಲಿಲ್ಲ. ತಿಂದ ಆಹಾರದಿಂದ ಲಿವರ್ ಹೊಸ ರಕ್ತ ಮಾಡುತ್ತದೆ, ಅಂಗಗಳು ಅದನ್ನು ಖರ್ಚು ಮಾಡುತ್ತವೆ ಎಂದೇ ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಲೆಕ್ಕ ಹಾಕಿದರು. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಇಡೀ ಮೈಯಲ್ಲಿರುವ ರಕ್ತಕ್ಕಿಂತ ಜಾಸ್ತಿ. ಅಷ್ಟನ್ನು ಯಾವ ಊಟದಿಂದ ಮಾಡಲು ಸಾಧ್ಯ? ಹೋದದ್ದೇ ತಿರುಗಿ ಬರುತ್ತಿರಬೇಕು. 1628ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು.

ಹೃದಯದಿಂದ ಹೊರಟ ದೊಡ್ಡ ರಕ್ತನಾಳ ನಿಮ್ಮ ಸೆಂಟ್ರಲ್ ಲೈನಿನ ಹಾಗೆ. ಕಲ್ಯಾಣದಲ್ಲಿ ಕಸಾರಾಕ್ಕೆ ಒಂದು, ಕರ್ಜತ್‌ಗೆ ಒಂದು ಎಂದು ಹಳಿ ಒಡೆಯುತ್ತದಲ್ವಾ, ಹಾಗೆ ಮೆದುಳಿಗೆ, ಕೈಕಾಲಿಗೆ, ಹೊಟ್ಟೆಗೆ, ಕಿಡ್ನಿಗೆ ಬೇರೆ ಬೇರೆ ಕವಲು. ಶ್ವಾಸಕೋಶದ ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ, ನಮ್ಮ ಲೆಕ್ಕದಲ್ಲಿ 750 ಚದರ ಅಡಿಯ ಫ್ಲ್ಯಾಟ್. ರಕ್ತ ಆಮ್ಲಜನಕ ತುಂಬಿಕೊಳ್ಳುವುದು ಅಲ್ಲಿ. ಕರುಳಿನಲ್ಲಿ ಊಟದ ಸಾರ ಸೇರುತ್ತದೆ. ಆದರೆ ಕರುಳಿನ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರ್‌ಗೆ ಹೋಗಿ ತಪಾಸಣೆ ಆಗಬೇಕು. ಇವೆರಡರ ಬಗ್ಗೆ ಇನ್ನೊಮ್ಮೆ ಬರೆಯೋಣ. ಈಗ ಮಾವನ ಕಿಡ್ನಿಗೆ ಬರೋಣ.

ಎರಡು ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ. ಆದರೆ ಹೃದಯ ತಳ್ಳಿದ ರಕ್ತದಲ್ಲಿ ಐದನೇ ಒಂದು ಪಾಲು ಇವಕ್ಕೇ ಬರುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಜರಡಿ ಎಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ. ಒಳಗೆ ಬರುವುದಕ್ಕೆ ಒಂದು ನಾಳ, ಹೊರಗೆ ಹೋಗುವುದಕ್ಕೆ ಇನ್ನೊಂದು ನಾಳ. ಎರಡರ ನಡುವಿನ ಒತ್ತಡದಿಂದಲೇ ರಕ್ತದ ನೀರು ಸೋಸಿ ಹೊರಗೆ ಬೀಳುತ್ತದೆ. ದಿನಕ್ಕೆ ಹೀಗೆ ಸೋಸುವುದು ಸುಮಾರು 180 ಲೀಟರ್! ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗುತ್ತದೆ. ಉಳಿದ ನೀರು, ಉಪ್ಪು, ಸಕ್ಕರೆ ಎಲ್ಲ ರಕ್ತಕ್ಕೆ ವಾಪಸ್.

ಜರಡಿ ಕೆಲಸ ಮಾಡುವುದು ಒತ್ತಡದಿಂದ. ಜರಡಿ ಹಾಳಾಗುವುದೂ ಒತ್ತಡದಿಂದಲೇ. ಬಿ.ಪಿ. ವರ್ಷಗಟ್ಟಲೆ ಜಾಸ್ತಿ ಇದ್ದರೆ ಒಂದೊಂದೇ ಜರಡಿ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ನೋವು ಇಲ್ಲ, ಸದ್ದಿಲ್ಲ. ಉಳಿದ ಜರಡಿಗಳು ಹೆಚ್ಚು ಕೆಲಸ ಎಳೆದುಕೊಂಡು ನಿಭಾಯಿಸುತ್ತವೆ. ಅರ್ಧದಷ್ಟು ಶಕ್ತಿ ಹೋಗುವ ತನಕ ಕ್ರಿಯಾಟಿನಿನ್ ಲೆಕ್ಕ ಸರಿಯಾಗೇ ಕಾಣಬಹುದು. ನನಗೆ ಬಹಳ ಸಂಕಟ ಆಗುವುದು ಇಲ್ಲೇ. "ನನಗೇನೂ ಆಗಿಲ್ಲ, ಚೆನ್ನಾಗಿದ್ದೇನೆ" ಎನ್ನುವ ನಮ್ಮ ಹೋಟೆಲ್ ಜನ ಬಿ.ಪಿ. ನೋಡಿಸಿಕೊಳ್ಳುವುದೇ ಇಲ್ಲ.

ಇನ್ನೊಂದು ವಿಷಯ ಶಾಲೆಯ ಪಾಠದಲ್ಲಿ ಇರಲೇ ಇಲ್ಲ. ಕಿಡ್ನಿ ಬಿ.ಪಿ.ಯ ಪೆಟ್ಟು ತಿನ್ನುವುದು ಮಾತ್ರ ಅಲ್ಲ, ಬಿ.ಪಿ.ಯನ್ನು ಏರಿಸುವುದೂ ಅದೇ. 1898ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಕಿಡ್ನಿಯನ್ನು ಅರೆದು, ಅದರ ರಸವನ್ನು ಬೇರೆ ಮೊಲಕ್ಕೆ ಚುಚ್ಚಿದರು. ಅದರ ಬಿ.ಪಿ. ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು.

ಅದು ನಡೆಯುವ ಬಗೆ ನೋಡಿ. ತನಗೆ ಬರುವ ರಕ್ತ ಕಡಿಮೆ ಆಯಿತು ಎಂದು ಕಿಡ್ನಿಗೆ ಅನಿಸಿದರೆ ಅದು ರೆನಿನ್ ಬಿಡುತ್ತದೆ. ಲಿವರ್ ಮಾಡಿಟ್ಟ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸುತ್ತದೆ. ಆ ತುಂಡು ಶ್ವಾಸಕೋಶದ ಮೂಲಕ ಹಾಯುವಾಗ ಅಲ್ಲಿನ ರಕ್ತನಾಳಗಳಲ್ಲಿ ಇನ್ನೊಮ್ಮೆ ಕತ್ತರಿಸಲ್ಪಟ್ಟು ಆಂಜಿಯೊಟೆನ್ಸಿನ್ ಎಂಬ ಪ್ರಬಲ ವಸ್ತುವಾಗುತ್ತದೆ. ಅದು ಮೈಯ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕಿಡ್ನಿಯ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಉಪ್ಪು ಹಿಡಿದಿಡು ಎಂದು ಹೇಳುತ್ತದೆ. ಉಪ್ಪು ಇದ್ದಲ್ಲಿ ನೀರೂ ನಿಲ್ಲುತ್ತದೆ. ಬಿ.ಪಿ. ಏರುತ್ತದೆ. ಕಿಡ್ನಿ, ಲಿವರ್, ಶ್ವಾಸಕೋಶ, ಅಡ್ರಿನಲ್, ಹೃದಯ. ಐದು ಚಾರ್ಟಿನ ಗೆರೆ ಒಂದೇ ಕೆಲಸಕ್ಕೆ ಕೂಡಿದವು. ಭೇದಿಯಾಗಿ ನೀರು ಹೋದಾಗ, ಗಾಯವಾಗಿ ರಕ್ತ ಹೋದಾಗ ಜೀವ ಉಳಿಸುವ ಏರ್ಪಾಡು ಇದು. ಆದರೆ ಜರಡಿಗಳು ಹಾಳಾದ ಕಿಡ್ನಿ ಕಾರಣವಿಲ್ಲದೆಯೂ ಇದನ್ನೇ ಮಾಡುತ್ತಾ ಹೋಗುತ್ತದೆ. ಬಿ.ಪಿ. ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿ.ಪಿ.ಯನ್ನು ಇನ್ನೂ ಏರಿಸುತ್ತದೆ.

ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಈ ಸುತ್ತನ್ನು ನಡುವೆ ತಡೆಯುತ್ತವೆ. ನೀವು ಫೋನಿನಲ್ಲಿ ಓದಿ ಹೇಳಿದ ಮಾವನ ಮಾತ್ರೆಯೂ ಈ ಜಾತಿಯದ್ದೇ. ಆಂಜಿಯೊಟೆನ್ಸಿನ್ ಜರಡಿಯ ಹೊರನಾಳವನ್ನು ಜಾಸ್ತಿ ಬಿಗಿ ಹಿಡಿಯುತ್ತದೆ, ನೀರಿನ ಪೈಪಿನ ಬಾಯಿಯನ್ನು ಬೆರಳಿಂದ ಒತ್ತಿದ ಹಾಗೆ. ಒಳಗೆ ಒತ್ತಡ ಏರುತ್ತದೆ. ಮಾತ್ರೆ ಆ ಬೆರಳನ್ನು ತೆಗೆಯುತ್ತದೆ. ಒತ್ತಡ ಇಳಿದಾಗ ಜರಡಿ ಸೋಸುವುದೂ ಸ್ವಲ್ಪ ಕಡಿಮೆ ಆಗುತ್ತದೆ, ಕ್ರಿಯಾಟಿನಿನ್ ಚೂರು ಏರುತ್ತದೆ. ಶುರುವಿನಲ್ಲಿ ಶೇಕಡಾ 30ರ ಒಳಗಿನ ಏರಿಕೆಗೆ ಸಾಮಾನ್ಯವಾಗಿ ಡಾಕ್ಟರು ಮಾತ್ರೆ ನಿಲ್ಲಿಸುವುದಿಲ್ಲ. 2.1 ಇದ್ದದ್ದು 2.3 ಆಯಿತೆಂದರೆ ಏರಿದ್ದು ಸುಮಾರು ಶೇಕಡಾ 10. ಪಕ್ಕದ ಮನೆಯವರು ಕಂಡದ್ದು ಸುಳ್ಳಲ್ಲ, ಅದರ ಅರ್ಥ ಮಾತ್ರ ಬೇರೆ. ಏರಿಕೆ ಜಾಸ್ತಿಯಾದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ. ಎರಡು ವಾರಕ್ಕೆ ಮತ್ತೆ ಪರೀಕ್ಷೆ ಬರೆದುಕೊಡುವುದು ಅದಕ್ಕೇ.

ಹಿಮೋಗ್ಲೋಬಿನ್ ವಿಷಯ. ಅದು ಇರುವುದು ಕೆಂಪು ರಕ್ತಕಣದಲ್ಲಿ. ಈ ಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ಬಾಳುವುದು ಸುಮಾರು 120 ದಿನ. ಹೊಸ ಕಣ ಮಾಡು ಎಂದು ಮಜ್ಜೆಗೆ ಹೇಳಿ ಕಳಿಸುವುದು ಕಿಡ್ನಿ, ಎರಿತ್ರೊಪೊಯೆಟಿನ್ ಎಂಬ ಹಾರ್ಮೋನಿನ ಮೂಲಕ. ಕಿಡ್ನಿ ಸೋತಾಗ ಆ ಮಾತು ಕಡಿಮೆಯಾಗುತ್ತದೆ. ನನ್ನ ಅಣ್ಣ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್‌ಗೆ ಮಲಗುತ್ತಿದ್ದ. ಮೆಷಿನ್ ರಕ್ತ ಸೋಸಿ ಕೊಡುತ್ತಿತ್ತು. ಆದರೂ ಆ ಹಾರ್ಮೋನಿನ ಇಂಜೆಕ್ಷನ್ ಬೇರೆಯೇ ಕೊಡಬೇಕಾಗುತ್ತಿತ್ತು. ಪಕ್ಕದಲ್ಲಿ ಕೂತು ಆ ಕೊಳವೆಗಳನ್ನು ನೋಡುವಾಗ ಮುಷ್ಟಿಯಷ್ಟು ದೊಡ್ಡ ಕಿಡ್ನಿ ಎಷ್ಟೆಲ್ಲ ಮಾಡುತ್ತಿತ್ತು ಎಂದು ನನಗೆ ಗೊತ್ತಾಯಿತು. ನಿಮ್ಮ ಪತ್ರ ಓದಿ ಕೂಡಲೇ ಫೋನ್ ಎತ್ತಿದ್ದಕ್ಕೆ ಅದೂ ಒಂದು ಕಾರಣ.

ಕಾಲಿನ ಊತ ಉಪ್ಪುನೀರು ಮೈಯಲ್ಲಿ ನಿಂತದ್ದರ ಗುರುತು. ಹೃದಯ ಸೋತರೂ ಹೀಗಾಗಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಮೂತ್ರದಲ್ಲಿ ನೊರೆ ಜಾಸ್ತಿ ಇದ್ದರೆ ಹೇಳಿ, ಪ್ರೋಟೀನ್ ಸೋರಿದರೆ ಹಾಗಾಗುತ್ತದೆ. ಮತ್ತೊಂದು, ಕಾಲುನೋವಿಗೆ ಮಾವ ಅಂಗಡಿಯಿಂದ ತಂದು ನುಂಗುವ ಮಾತ್ರೆ ಯಾವುದೆಂದು ನೋಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಬರುವ ರಕ್ತವನ್ನು ಕಡಿಮೆ ಮಾಡುತ್ತವೆ. ದಿನವೆಲ್ಲ ನಿಂತು ದುಡಿಯುವವರ ಜೇಬಿನಲ್ಲಿ ಇವು ಇದ್ದೇ ಇರುತ್ತವೆ. ಹೆದರಬೇಕಾದದ್ದು ಈ ಮಾತ್ರೆಗಳಿಗೆ.

ಉಪ್ಪಿನಕಾಯಿಯ ಒಂದು ಹೋಳೂ ಬೇಡವಾ ಎಂದು ಮಾವ ಕೇಳಿದರು ಅಂದಿರಿ. ಊರಿನಿಂದ ಬಂದ ಮಿಡಿ ಎದುರಿಗಿದ್ದಾಗ ಕಷ್ಟವೇ, ನನಗೂ ಗೊತ್ತು. ದಿನವಿಡೀ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಎಂಬುದು ಎಲ್ಲ ದೊಡ್ಡವರಿಗೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಸಾರು, ಪಲ್ಯ, ಹಪ್ಪಳದಲ್ಲೇ ಅದು ಮುಗಿದುಹೋಗುತ್ತದೆ. ಹಾಗಾಗಿ ಜಾಡಿ ಸದ್ಯಕ್ಕೆ ಮೇಲಿನ ಅಟ್ಟಕ್ಕೆ ಹೋಗಲಿ. ಅದರ ಬದಲಿಗೆ ಅಂಗಡಿಯ "ಕಡಿಮೆ ಸೋಡಿಯಂ" ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳನೀರಿಗೂ ಇದೇ ಮಾತು, ಡಾಕ್ಟರನ್ನು ಕೇಳಿಯೇ ಕೊಡಿ. ಸಾರಿಗೆ ಉಪ್ಪು ಅರ್ಧ ಮಾಡಿ, ಇಳಿಸುವಾಗ ನಿಂಬೆರಸ ಹಿಂಡಿ, ಶುಂಠಿ, ಕಾಳುಮೆಣಸು ಸ್ವಲ್ಪ ಮುಂದಿರಲಿ. ಅಣ್ಣನಿಗೆ ನಮ್ಮ ಅತ್ತಿಗೆ ಹಾಗೇ ಮಾಡುತ್ತಿದ್ದರು. ಮೊದಲ ವಾರ ಸಪ್ಪೆ ಎಂದು ಗೊಣಗುತ್ತಿದ್ದವನು ತಿಂಗಳು ಕಳೆಯುವಷ್ಟರಲ್ಲಿ ಹೋಟೆಲಿನ ಸಾಂಬಾರು ತುಂಬ ಉಪ್ಪು ಎನ್ನತೊಡಗಿದ್ದ.