ಟರ್ಕಿ ಕೋಳಿ ಹತ್ತಿರ ಬಂದರೂ ಬಿಲ್ಲು ಎಳೆಯಲು ಆಗುತ್ತಿಲ್ಲ!

ಪ್ರಶ್ನೆ: ನಾನು ಹಾಸನದವನು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಈ ವಸಂತದಲ್ಲಿ ಆಫೀಸಿನ ಗೆಳೆಯನ ಜೊತೆ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರುವಂಥದ್ದು) ಹಿಡಿದು ಕಾಡು ಟರ್ಕಿ ಬೇಟೆಗೆ ಹೋಗಿದ್ದೆ. ಲೈಸೆನ್ಸು, ಟ್ಯಾಗು ಎಲ್ಲ ಇತ್ತು. ದೊಡ್ಡ ಗಂಡೊಂದು ಹನ್ನೆರಡು ಗಜಕ್ಕೇ ಬಂತು. ನಾನು ಹೆದೆ ಎಳೆಯಲು ಕೈ ಅಲ್ಲಾಡಿಸಿದ್ದೇ ತಡ, ಓಟ ಕಿತ್ತಿತು. ಎರಡು ಸಲವೂ ಹೀಗೇ. ಮೂವತ್ತು ಗಜದಿಂದಲೇ ಬಾಣ ಬಿಡಲೇ ಸರ್? ಮನೆ ಹಿತ್ತಲಲ್ಲಿ ಅಷ್ಟು ದೂರಕ್ಕೆ ನನ್ನ ಗುರಿ ತಪ್ಪುವುದಿಲ್ಲ.

ಉತ್ತರ: ಬೇಡ ಮಾರಾಯ್ರೆ. ಹಿತ್ತಲಿನ ಗುರಿಹಲಗೆ ನಿಂತಲ್ಲೇ ನಿಂತಿರುತ್ತದೆ, ಟರ್ಕಿ ನಿಲ್ಲುವುದಿಲ್ಲ. ಪುಕ್ಕ ಉಬ್ಬಿಸಿಕೊಂಡಾಗ ಸಣ್ಣ ಕುರಿಯಷ್ಟು ಕಾಣುತ್ತದೆ ನಿಜ, ಆದರೆ ಒಳಗೆ ಬಾಣ ತಾಗಬೇಕಾದ ಜಾಗ ಒಂದು ಮೂಸಂಬಿಯಷ್ಟು. ಕೋವಿಯವರು ತಲೆ, ಕತ್ತಿಗೆ ಚರೆ ಹೊಡೆದು ನಲವತ್ತು ಗಜದಲ್ಲೂ ಕೆಡಹುತ್ತಾರೆ, ನಿಮಗಿರುವುದು ಒಂದೇ ಬಾಣ. ಗಾಯವಾದ ಹಕ್ಕಿ ಹಾರಿಹೋಗಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ, ನಿಮ್ಮ ಕೈಗೂ ಸಿಗುವುದಿಲ್ಲ. ಇಪ್ಪತ್ತು ಗಜದೊಳಗೆ ಇರಲಿ, ಹತ್ತು ಆದರೆ ಇನ್ನೂ ಒಳ್ಳೆಯದು.

ನಿಮ್ಮ ತೊಂದರೆ ಗುರಿಯದ್ದಲ್ಲ, ಹೆದೆ ಎಳೆಯುವ ಆ ಎರಡು ಸೆಕೆಂಡಿನದ್ದು. ಜಿಂಕೆ ಬೇಟೆಯವರು ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡುತ್ತಾರೆ. ಟರ್ಕಿಗೆ ಮೂಗು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಭಾರೀ ಚುರುಕು. ಎರಡೂ ಪಕ್ಕ ಕಾಣುತ್ತದೆ, ಬಣ್ಣವೂ ಗೊತ್ತಾಗುತ್ತದೆ. ಹಾಗಾಗಿ ಮರಕ್ಕೆ ಒರಗಿ ಕೂರುವುದು ಬಿಟ್ಟು ಬಟ್ಟೆಯ ಬ್ಲೈಂಡ್, ಅಂದರೆ ಅಡಗಿ ಕೂರುವ ಸಣ್ಣ ಡೇರೆ, ಅದರೊಳಗೆ ಕೂರಿ. ಒಳಗಡೆ ಕಪ್ಪಗಿರುತ್ತದಲ್ಲ, ನೀವೂ ಕಪ್ಪು ಅಂಗಿ ಹಾಕಿ, ಹಿಂದಿನ ಕಿಟಕಿ ಮುಚ್ಚಿ. ಅದು ತೆರೆದಿದ್ದರೆ ಹಿಂದಿನ ಬೆಳಕಿನಲ್ಲಿ ನಿಮ್ಮ ನೆರಳು ಆಡುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆ. ನನ್ನ ಮೊದಲ ವರ್ಷದ ಬೇಟೆ ಹಾಳಾಗಿದ್ದೇ ಹೀಗೆ, ಗಾಳಿ ಬರಲಿ ಅಂತ ಸುಮ್ನೆ ಎಲ್ಲ ಕಿಟಕಿ ತೆಗೆದಿದ್ದೆ!

ಇನ್ನು ಹಕ್ಕಿಯನ್ನು ಸೆಳೆಯಲು ಇಡುವ ಟರ್ಕಿ ಬೊಂಬೆ. ಒಂದು ಹೆಣ್ಣು, ಒಂದು ಜೇಕ್, ಅಂದರೆ ಒಂದು ವರ್ಷದ ಮರಿಗಂಡು, ಇವೆರಡನ್ನು ಆರೇಳು ಗಜದಲ್ಲಿ ನೆಡಿ. ಜೇಕ್‌ನ ಮುಖ ನಿಮ್ಮ ಕಡೆಗಿರಲಿ. ದೊಡ್ಡ ಗಂಡಿಗೆ ಅದನ್ನು ಕಂಡರೆ ಸಿಟ್ಟು, ಸಾಮಾನ್ಯವಾಗಿ ಸುತ್ತಿ ಬಂದು ಅದರ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ, ಆಗ ನಿಮಗೆ ಬೆನ್ನು ಸಿಗುತ್ತದೆ. ನಮ್ಮ ನವಿಲಿನ ಹಾಗೆ ಬಾಲ ಬಿಚ್ಚಿಕೊಂಡಿರುತ್ತದಲ್ಲ, ಆ ಬೀಸಣಿಗೆಯೇ ಅದರ ಕಣ್ಣಿಗೆ ಅಡ್ಡ. ಎಳೆಯುವುದಾದರೆ ಆಗಲೇ ಎಳೆಯಬೇಕು. ಬಾಣವನ್ನು ಬಾಲದ ಬುಡದ ನಟ್ಟನಡುವೆ ಬಿಡಿ, ಇಲ್ಲವೇ ಪಕ್ಕಕ್ಕೆ ತಿರುಗುವವರೆಗೆ ಕಾದು ರೆಕ್ಕೆಯ ಬುಡಕ್ಕೆ ಬಿಡಿ. ಎಳೆಯಲು ಅರವತ್ತು ಪೌಂಡು ಬಲ ಬೇಕಾದ ಬಿಲ್ಲಿಗೆ ಎಂಬತ್ತು ಪರ್ಸೆಂಟ್ ಲೆಟ್-ಆಫ್ (ಪೂರ್ತಿ ಎಳೆದಾಗ ಭಾರ ಅಷ್ಟು ಇಳಿಯುವುದು) ಇದ್ದರೆ, ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯುವ ಭಾರ ಹನ್ನೆರಡೇ ಪೌಂಡು, ಸ್ವಲ್ಪ ಹೊತ್ತು ಹಿಡಿದಿರಬಹುದು. ಆದರೆ ಅಭ್ಯಾಸ ಸ್ಟೂಲಿನ ಮೇಲೆ ಕೂತೇ ಮಾಡಿ. ನಿಂತು ಕಲಿತವರ ಬಿಲ್ಲಿನ ಕೆಳತುದಿ ಬ್ಲೈಂಡ್ ಒಳಗೆ ಮಂಡಿಗೆ ಬಡಿಯುತ್ತದೆ.

ಹಕ್ಕಿ ಬರುತ್ತಿದೆ ಅಂತ ಗೊತ್ತಾದ ಮೇಲೆ ಹೆಣ್ಣಿನ ದನಿ ಅನುಕರಿಸಿ ಕರೆಯುವುದನ್ನು ನಿಲ್ಲಿಸಿ. ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಲೇಬೇಡಿ, ಗಂಡು ಟರ್ಕಿಯ ತಲೆಯ ಬಣ್ಣವೂ ಅದೇ. ಪೊದೆಯಾಚೆ ಇನ್ನೊಬ್ಬ ಬೇಟೆಗಾರ ಕೂತಿರಬಹುದು, ಅಲ್ವಾ?

ಅಂದಹಾಗೆ, ನಿಮ್ಮ ರಾಜ್ಯದಲ್ಲಿ ಕಾಡು ಟರ್ಕಿ ಒಮ್ಮೆ ಪೂರ್ತಿ ಅಳಿದುಹೋಗಿತ್ತು. 1976ರಲ್ಲಿ ಮಿಸೌರಿಯಿಂದ ತಂದು ವರ್ನನ್ ಕೌಂಟಿಯಲ್ಲಿ ಬಿಟ್ಟರು, ಬದಲಿಗೆ ವಿಸ್ಕಾನ್ಸಿನ್‌ನವರು ಕೊಟ್ಟಿದ್ದು ಗ್ರೌಸ್ ಹಕ್ಕಿಗಳನ್ನು. 1983ರಲ್ಲಿ ಮತ್ತೆ ವಸಂತದ ಬೇಟೆ ಶುರುವಾಯಿತು.

ಪ್ರಶ್ನೆ: ಶಿರಸಿ ಕಡೆ ನಮ್ಮ ತೋಟಕ್ಕೆ ಕಾಡುಕೋಳಿ ಜಾಸ್ತಿ ಬರುತ್ತವೆ. ಬಿಲ್ಲಿನಲ್ಲಿ ಹೊಡೆದರೆ ತಪ್ಪೇ?

ಉತ್ತರ: ತಪ್ಪು. ಬಿಲ್ಲಾದರೂ ಅಷ್ಟೇ, ಕೋವಿಯಾದರೂ ಅಷ್ಟೇ, ಉರುಳಾದರೂ ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸಾಗುತ್ತದೆ. ಬಾಯಿಚಪಲ ಇದ್ದರೆ ಫಾರಂನಲ್ಲಿ ಸಾಕಿದ ಟರ್ಕಿ ಕೋಳಿ ಸಿಗುತ್ತದೆ, ವಿಚಾರಿಸಿ ನೋಡಿ.