ರಿಪೋರ್ಟ್ ಸುಳ್ಳಲ್ಲ, ಕ್ಯೂಬ್ ಸುಳ್ಳು

ನನ್ನ ಹತ್ತಿರ ಸಮಾಲೋಚನೆಗೆ ಬಂದವರು ಇಪ್ಪತ್ತಾರು ವರ್ಷದ ಸೈಟ್ ಎಂಜಿನಿಯರ್, ದಾವಣಗೆರೆಯವರೇ. ಗುರುತು ಸಿಗದ ಹಾಗೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

"ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ ಮೇಡಂ. ಆಮೇಲೆ ಸೂರು ನೋಡ್ಕೊಂಡು ಮಲಗಿರ್ತೀನಿ" ಎಂದರು. ಜೋರು ಮಳೆ ಬಂದ ಒಂದು ರಾತ್ರಿ ಬೈಕ್ ಹತ್ತಿ ಸೈಟಿಗೇ ಹೋಗಿದ್ದರಂತೆ. ಸೈಟ್ ಆಫೀಸು ಕಟ್ಟುತ್ತಿರುವ ಕಟ್ಟಡದ ಕೆಳಗೇ ಇದೆ. ಇವರು ಮಾತ್ರ ಕುರ್ಚಿ ಹೊರಗೆ ಹಾಕಿಕೊಂಡು ಕೂರುತ್ತಾರೆ. ಅದೂ ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ! ನನಗೆ ಅಲ್ಲೇ ಅನುಮಾನ ಬಂತು.

ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು. ಅದೊಂದು ಹಾಸ್ಟೆಲ್. ಸ್ಲ್ಯಾಬ್ ಹಾಕುವ ದಿನ ಮಾಲು (ಕಲಸಿದ ಕಾಂಕ್ರೀಟ್) ಬಿಗಿಯಾಯ್ತು ಎಂದು ಮಿಕ್ಸರ್‌ಗೆ ಪೈಪ್ ಬಿಟ್ಟು ನೀರು ಸುರಿದರು. ನೀರು ಜಾಸ್ತಿಯಾದಷ್ಟೂ ಕಾಂಕ್ರೀಟ್ ಬಲ ಕಮ್ಮಿ. ಪರೀಕ್ಷೆಗೆ 150 ಮಿಲಿಮೀಟರ್ ಅಚ್ಚಿನಲ್ಲಿ ಕ್ಯೂಬ್ ಹಾಕಬೇಕಲ್ಲ, ಅದಕ್ಕೆ ಮಾತ್ರ ಮೂಲೆಯಲ್ಲಿ ಸಿಮೆಂಟ್ ಜಾಸ್ತಿ ಹಾಕಿ ಬೇರೆ ಮಾಲು ಕಲಸಿದರು. 28 ದಿನದ ಮೇಲೆ ಲ್ಯಾಬ್‌ನಲ್ಲಿ ಕ್ಯೂಬ್ ಪಾಸ್. ಅದು ಆ ಸ್ಲ್ಯಾಬಿನದೇ ಕಾಂಕ್ರೀಟ್ ಎಂದು ರಿಜಿಸ್ಟರ್‌ಗೆ ಸಹಿ ಹಾಕಿದ್ದು ಇವರು.

"ರಿಪೋರ್ಟ್ ಸುಳ್ಳಲ್ಲ ಮೇಡಂ, ಕ್ಯೂಬ್ ಸುಳ್ಳು."

ಕಂಟ್ರಾಕ್ಟರ್ ಹೆದರಿಸಿರಲಿಲ್ಲ. "ತಮ್ಮಾ, ಎಲ್ಲಾ ಕಡೆ ಹಿಂಗೇ ನಡೆಯೋದು" ಎಂದು ಹೆಗಲ ಮೇಲೆ ಕೈ ಹಾಕಿದ್ದರು, ಅಷ್ಟೇ. ಬೈದಿದ್ದರೆ ಇವರಿಗೆ ಸುಲಭವಾಗ್ತಿತ್ತೇನೋ. ಮುಂದಿನ ವಾರ ಮೇಲಿನ ಸ್ಲ್ಯಾಬ್ ಇತ್ತು. ಮತ್ತೆ ಸಹಿ ಹಾಕಬೇಕಿತ್ತು.

ಕಾಲೇಜಿನಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕತೆ ಓದಿದ್ದರು. 1986ರಲ್ಲಿ ಉಡಾವಣೆಯ ಹಿಂದಿನ ರಾತ್ರಿ ರೋಜರ್ ಬೊಯ್ಸ್‌ಜೋಲಿ ಮತ್ತು ಜೊತೆಯ ಎಂಜಿನಿಯರ್‌ಗಳು, ಈ ಚಳಿಗೆ ರಬ್ಬರ್ ಸೀಲು ಕೈಕೊಡಬಹುದು, ಹಾರಿಸಬೇಡಿ ಎಂದಿದ್ದರು. ಮೇಲಿನವರು ಕೇಳಲಿಲ್ಲ. ಏಳು ಜನ ಸತ್ತರು. "ಪರೀಕ್ಷೇಲಿ ಚೆನ್ನಾಗೇ ಬರೆದಿದ್ದೆ. ಅವರು ಹೇಳಿದ್ರು, ನಾನು ಹೇಳ್ಲಿಲ್ಲ" ಎಂದು ತಲೆ ತಗ್ಗಿಸಿದರು.

ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಈ ಹೆದರಿಕೆಯನ್ನು ಕಾಯಿಲೆ ಅನ್ನಲು ನನಗೆ ಮನಸ್ಸಾಗಲಿಲ್ಲ. ಹೆದರಬೇಕಾದ್ದಕ್ಕೇ ಹೆದರಿದ್ದರು. ನಾನು ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ: "ನೀವು ಹೇಳಿದ್ದು ಇಲ್ಲೇ ಇರುತ್ತೆ. ಆದ್ರೆ ಆ ಸೂರಿನ ಕೆಳಗೆ ಮಕ್ಕಳು ಬಂದು ಮಲಗೋ ಹೊತ್ತಿಗೂ ಏನೂ ಆಗದಿದ್ರೆ ನಾನು ಸುಮ್ನಿರೋಕಾಗಲ್ಲ."

ಆಮೇಲೆ ಒಂದು ಹಾಳೆ ಕೊಟ್ಟು, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ ಎಂದೆ. ಪೈಪು, ಬೇರೆ ಮಾಲು, ತನ್ನ ಸಹಿ. ಮೂರೇ ಸಾಲು. "ಸ್ಲ್ಯಾಬ್ ಬೀಳುತ್ತೆ" ಅನ್ನೋದು ಆ ಹಾಳೆಯಲ್ಲಿ ಬರಲಿಲ್ಲ, ಅವರು ಅದನ್ನು ಕಂಡಿರಲಿಲ್ಲವಲ್ಲ. ಹಾಗಾದ್ರೆ ತಿಳಿಯೋದು ಹೇಗೆ ಎಂದಾಗ ದನಿಯೇ ಬದಲಾಯಿತು. ಸ್ಲ್ಯಾಬಿನಿಂದಲೇ ಕೋರ್, ಅಂದರೆ ಉರುಳೆಯಂಥ ತುಂಡು, ಕೊರೆದು ತೆಗೆಯಬಹುದು, ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ ಕನಿಷ್ಠ ಮೂರು. ಸರಾಸರಿ ಬಲ ಬೇಕಾದ್ದರ 85 ಶೇಕಡಾ ಇರಬೇಕು, ಯಾವುದೂ 75ಕ್ಕಿಂತ ಕೆಳಗೆ ಬರಬಾರದು. ನನಗೆ ಪಾಠ ಮಾಡುವಾಗ ಮೊದಲ ಸಲ ನೆಟ್ಟಗೆ ಕೂತಿದ್ದರು.

ನಾನು ಹೇಳಿದ್ದು ಇಷ್ಟು. ಸಿಟ್ಟಿನಲ್ಲಿ ರಾಜೀನಾಮೆ ಬೇಡ, ಬಿಟ್ಟು ಹೋದರೆ ಸ್ಲ್ಯಾಬ್ ಗಟ್ಟಿಯಾಗಲ್ಲ. ಮೇಲಿನ ಸ್ಲ್ಯಾಬಿಗೆ ಕಂಡದ್ದನ್ನು ಬಿಟ್ಟು ಬೇರೇನಕ್ಕೂ ಸಹಿ ಬೇಡ. ಆ ಮೂರು ಸಾಲನ್ನು ಡಿಸೈನ್ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಬರವಣಿಗೆಯಲ್ಲೇ ಕಳಿಸಿ, ತನ್ನ ಸಹಿಯನ್ನೂ ಸೇರಿಸಿ. ಅದಕ್ಕೂ ಮೊದಲು ಮನೆಯಲ್ಲಿ ಹೇಳಿ.

ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಆ ಕೊನೆಯದೇ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಓದಿಸಿದವರು. ಅವರು ಕೇಳಿದ್ದು ಒಂದೇ: "ಸಾಲದ ಕಂತು ಇನ್ನೆಷ್ಟು ಬಾಕಿ ಐತಿ?"

ತಿಂಗಳ ಮೇಲೆ ಫೋನ್ ಬಂತು. ಕಂಟ್ರಾಕ್ಟರ್ ಮಾತು ಬಿಟ್ಟಿದ್ದಾರೆ, ಕೆಲಸದಿಂದ ತೆಗೆದಿಲ್ಲ. ಬೇಕಿದ್ದ ಬಲ 25 ಮೆಗಾಪ್ಯಾಸ್ಕಲ್, ಕೋರ್‌ಗಳಲ್ಲಿ ಸಿಕ್ಕಿದ್ದು 25, 23, 18. ಸರಾಸರಿ ಪಾಸು, ಒಂದು ಫೇಲು. ಆ ಭಾಗಕ್ಕೆ ಕೆಳಗಿನಿಂದ ಆಸರೆ ಕೊಟ್ಟು ಮತ್ತೆ ಪರೀಕ್ಷೆ ನಡೆಸುತ್ತಿದ್ದಾರೆ. ನಿದ್ದೆ ನಾಲ್ಕೈದು ಗಂಟೆ ಬರುತ್ತಿದೆಯಂತೆ. ಕುರ್ಚಿ ಇನ್ನೂ ಹೊರಗೇ ಇದೆ.